ಹಟ್ಟಿಗೆ ಬರುವ ಸಂಶೋಧನೆ: ರಕ್ತ ದನದ್ದು, ಒಪ್ಪಿಗೆ ಯಾರದ್ದು?

ಜೀವವೈವಿಧ್ಯ ಕಾಯ್ದೆಯ ತಿದ್ದುಪಡಿ 2024ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಮರುವರ್ಷದ ಏಪ್ರಿಲ್‌ನಲ್ಲಿ ಲಾಭ ಹಂಚಿಕೆಯ ಹೊಸ ನಿಯಮಾವಳಿಯೂ ಹೊರಬಿತ್ತು. ಈ ಸುದ್ದಿಗಳನ್ನು ಓದಿದ ಕಾಸರಗೋಡಿನ ದನ ಸಾಕುವವರಿಗೆ ಎರಡು ಬೇರೆ ಬೇರೆ ಮಾತು ಕೇಳಿಸುತ್ತದೆ. ಇನ್ನು ಮುಂದೆ ಸಂಶೋಧನೆಗೆ ಅಡ್ಡಿ ಕಡಿಮೆ ಅನ್ನುವುದು ಒಂದು. ನಿಮ್ಮ ತಳಿಯಿಂದ ಯಾರಾದರೂ ದುಡ್ಡು ಮಾಡಿದರೆ ನಿಮಗೂ ಪಾಲು ಸಿಗುತ್ತದೆ ಅನ್ನುವುದು ಇನ್ನೊಂದು. ಎರಡೂ ಅರ್ಧರ್ಧ ನಿಜ. ಹಾಗಾಗಿಯೇ ಗೊಂದಲ ಜಾಸ್ತಿ.

ಹಟ್ಟಿಯಲ್ಲಿ, ಅಂದರೆ ದನದ ಕೊಟ್ಟಿಗೆಯಲ್ಲಿ, ನಿಂತು ನೋಡಿದರೆ ಪ್ರಶ್ನೆ ತುಂಬ ಸರಳ. ನಾಳೆ ಒಂದು ತಂಡ ಬಂದು ಇಲ್ಲಿನ ನಾಟಿ ತಳಿಯಾದ ಗಿಡ್ಡ ದನದ ರಕ್ತ ಬೇಕು ಅಂದರೆ ಕೊಡಲೇಬೇಕಾ? ಬೇಡ ಅನ್ನಬಹುದಾ? ಕೊಟ್ಟ ರಕ್ತ ಎಲ್ಲಿಗೆ ಹೋಗುತ್ತದೆ, ಅದರಲ್ಲಿ ಏನು ಕಂಡುಬಂತು ಅಂತ ಯಾರು ಬಂದು ಹೇಳುತ್ತಾರೆ? ಈ ಪ್ರಶ್ನೆಗಳಿಗೆ ಹೊಸ ಕಾಯ್ದೆಯಲ್ಲೂ ನೇರ ಉತ್ತರ ಇಲ್ಲ. ಯಾಕಿಲ್ಲ, ಅದರಿಂದ ಏನಾಗುತ್ತದೆ ಅನ್ನುವುದನ್ನು ಇಲ್ಲಿ ನೋಡೋಣ.

ಕಾಯ್ದೆ ಹೇಳುವುದೇನು

2002ರ ಮೂಲ ಕಾಯ್ದೆಯ ಮುಖ್ಯ ಚಿಂತೆ ಇದ್ದದ್ದು ನಮ್ಮ ಗಿಡ, ಪ್ರಾಣಿ, ತಿಳಿವಳಿಕೆ ಹೊರದೇಶಕ್ಕೆ ಹೋಗುವ ಬಗ್ಗೆ. ವಿದೇಶಿಯರು ಅಥವಾ ವಿದೇಶಿ ಸಂಸ್ಥೆ ಇಲ್ಲಿನ ಜೈವಿಕ ಸಂಪನ್ಮೂಲವನ್ನು ಮುಟ್ಟಬೇಕಾದರೆ ಚೆನ್ನೈಯಲ್ಲಿರುವ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಅನುಮತಿ ಬೇಕು. ಭಾರತೀಯರು ವ್ಯಾಪಾರಕ್ಕಾಗಿ ಬಳಸುವುದಾದರೆ ರಾಜ್ಯದ ಜೀವವೈವಿಧ್ಯ ಮಂಡಳಿಗೆ ಮೊದಲೇ ತಿಳಿಸಬೇಕು. ಆದರೆ ಭಾರತದ ಸಂಶೋಧಕರು ಬರೀ ಸಂಶೋಧನೆಗೆ ಅಂತ ಬಂದರೆ? ಅವರು ಈ ಕಾಯ್ದೆಯಡಿ ಯಾರ ಅನುಮತಿಯನ್ನೂ ಕೇಳಬೇಕಾಗಿಲ್ಲ. ಹಿಂದೆಯೂ ಹೀಗೇ ಇತ್ತು, ಈಗಲೂ ಹೀಗೇ ಇದೆ.

ತಿದ್ದುಪಡಿ ಮುಖ್ಯವಾಗಿ ಎರಡು ಕೆಲಸ ಮಾಡಿದೆ. ಆಯುಷ್ ವೈದ್ಯರಿಗೂ ಗ್ರಂಥಗಳಲ್ಲಿ ದಾಖಲಾದ ಪಾರಂಪರಿಕ ಜ್ಞಾನದ ಬಳಕೆಗೂ ವಿನಾಯಿತಿ ಕೊಟ್ಟಿದೆ. ಉಲ್ಲಂಘನೆಗೆ ಜೈಲಿನ ಬದಲು ದಂಡ ಇಟ್ಟಿದೆ. 2025ರ ನಿಯಮಾವಳಿ ಪಾಲಿನ ದರ ಹೇಳುತ್ತದೆ: ವರ್ಷದ ವಹಿವಾಟು 5 ಕೋಟಿ ರೂಪಾಯಿ ಮೀರದ ಕಂಪನಿ ಏನೂ ಕೊಡಬೇಕಾಗಿಲ್ಲ, ಅದರ ಮೇಲಿನವರಿಗೆ 0.2 ಶೇಕಡಾದಿಂದ ಶುರುವಾಗಿ 250 ಕೋಟಿ ದಾಟಿದವರಿಗೆ 0.6 ಶೇಕಡಾ. ಈ ದುಡ್ಡು ಕೂಡ ನೇರವಾಗಿ ಹಟ್ಟಿಗೆ ಬರುವುದಲ್ಲ, ಪ್ರಾಧಿಕಾರ ಮತ್ತು ಮಂಡಳಿಯ ಮೂಲಕ ಬರಬೇಕು. ಇದೆಲ್ಲ ಸರಕು ಮಾರುಕಟ್ಟೆಗೆ ಬಂದ ಮೇಲಿನ ಮಾತು. ಹಟ್ಟಿಯಲ್ಲಿ ಸೂಜಿ ಚುಚ್ಚುವ ಹೊತ್ತಿಗೆ ಏನು ಹೇಳಬೇಕು, ಏನು ಕೇಳಬೇಕು ಅನ್ನುವುದರ ಬಗ್ಗೆ ಎರಡೂ ಮೌನ.

ಪಂಚಾಯತ್ ಮಟ್ಟದಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು ಅಂತ ಕಾಯ್ದೆಯ 41ನೇ ವಿಧಿ ಹೇಳುತ್ತದೆ. ಪ್ರಾಧಿಕಾರವಾಗಲಿ ಮಂಡಳಿಯಾಗಲಿ ತೀರ್ಮಾನ ಮಾಡುವ ಮುಂಚೆ ಈ ಸಮಿತಿಯನ್ನು ಕೇಳಬೇಕು. ವ್ಯಾಪಾರಕ್ಕೆ ಸಂಗ್ರಹಿಸುವವರಿಂದ ಸಮಿತಿ ಶುಲ್ಕವನ್ನೂ ಪಡೆಯಬಹುದು. ಆದರೆ ಅರ್ಜಿಯೇ ಬೇಕಾಗಿಲ್ಲದ ಸಂಶೋಧನೆ ಈ ಸಮಿತಿಯ ಮುಂದೆ ಬರುವ ದಾರಿ ಯಾವುದು? ಇಲ್ಲ.

ಎಲ್ಲರಿಗೂ ಸಮಿತಿ ಇದೆ, ಸಾಕುವವರಿಗೆ ಇಲ್ಲ

ಮನುಷ್ಯರ ಮೇಲಿನ ವೈದ್ಯಕೀಯ ಸಂಶೋಧನೆಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಇದೆ. ಒಬ್ಬರ ಬೆರಳ ತುದಿಯಿಂದ ಒಂದು ಹನಿ ರಕ್ತ ತೆಗೆಯಬೇಕಾದರೂ ನೈತಿಕ ಸಮಿತಿಯ ಮುಂದೆ ಹೋಗಬೇಕು. ಅವರ ಭಾಷೆಯಲ್ಲಿ ವಿವರಿಸಬೇಕು, ಯಾವಾಗ ಬೇಕಾದರೂ ಹಿಂದೆ ಸರಿಯಬಹುದು ಅಂತ ಹೇಳಬೇಕು.

ಪ್ರಾಣಿಗಳ ಮೇಲಿನ ಪ್ರಯೋಗಕ್ಕೆ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಕೇಂದ್ರದ ಸಮಿತಿಯೊಂದಿದೆ. ಸಂಸ್ಥೆಗಳಲ್ಲೂ ಪ್ರಾಣಿ ನೈತಿಕ ಸಮಿತಿ ಇರಬೇಕು, ಅದರಲ್ಲಿ ಹೊರಗಿನ ಸದಸ್ಯರು ಇರಬೇಕು. ರಸೆಲ್ ಮತ್ತು ಬರ್ಚ್ ಎಂಬ ವಿಜ್ಞಾನಿಗಳು 1959ರಲ್ಲಿ ಹೇಳಿದ ಮಾತು ಇವತ್ತಿಗೂ ಈ ಸಮಿತಿಗಳ ಆಧಾರ: ಪ್ರಾಣಿ ಇಲ್ಲದೆ ಆಗುವುದಾದರೆ ಪ್ರಾಣಿ ಬೇಡ, ಬೇಕಾದರೆ ಕಡಿಮೆ ಸಾಕು, ಅವಕ್ಕೂ ನೋವು ಆದಷ್ಟು ಕಡಿಮೆ ಆಗಲಿ. ಭಾರತ ಇದಕ್ಕೆ ಇನ್ನೊಂದನ್ನು ಸೇರಿಸಿದೆ. ಪ್ರಯೋಗ ಮುಗಿದ ಮೇಲೆ ಆ ಪ್ರಾಣಿಯ ಪುನರ್ವಸತಿಯೂ ಆಗಬೇಕು. ಒಳ್ಳೆಯ ನಿಯಮವೇ. ಆದರೆ ಇದು ಹುಟ್ಟಿದ್ದು ಪ್ರಯೋಗಾಲಯದ ಇಲಿ, ಮೊಲ, ಮಂಗಗಳನ್ನು ಮನಸ್ಸಿನಲ್ಲಿಟ್ಟುಕೊಂಡು. ಅಡಿಕೆ ತೋಟದ ಬದಿಯ ಹಟ್ಟಿಯಲ್ಲಿ ಕಟ್ಟಿದ ದನಕ್ಕೆ ಒಬ್ಬ ಯಜಮಾನ ಅಥವಾ ಯಜಮಾನತಿ ಇರುತ್ತಾರೆ. ಅವರ ಹಾಲು, ಗೊಬ್ಬರ, ದುಡ್ಡು, ಮರ್ಯಾದೆ ಎಲ್ಲ ಆ ದನದ ಜೊತೆ ಸೇರಿಕೊಂಡಿರುತ್ತದೆ.

ದನದ ರಕ್ತಕ್ಕೆ ಪ್ರಾಣಿ ಸಮಿತಿ ಒಪ್ಪಿದರೆ ಸಾಕು, ಮನುಷ್ಯರ ಸಮಿತಿ ಯಾಕೆ ಅಂತ ಸಂಸ್ಥೆಗಳು ಅಂದುಕೊಳ್ಳುತ್ತವೆ. ಮನುಷ್ಯರ ಸಮಿತಿಗೆ ಇದು ಪಶುವೈದ್ಯರ ವಿಷಯವಾಗಿ ಕಾಣುತ್ತದೆ. ಮನೆಯವರಿಗೆ ಎಷ್ಟು ಆದಾಯ, ಎಷ್ಟು ಸಾಲ, ಎಷ್ಟು ಜಾಗ ಅಂತ ಅದೇ ತಂಡ ಕೇಳಿ ಬರೆದುಕೊಂಡರೂ ಅದು ವೈದ್ಯಕೀಯ ಸಂಶೋಧನೆ ಆಗುವುದಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯೂ ಇಲ್ಲಿ ಪೂರ್ತಿ ಸಹಾಯಕ್ಕೆ ಬರುವುದಿಲ್ಲ. ಆ ಮಾಹಿತಿಯಿಂದ ನಿರ್ದಿಷ್ಟ ವ್ಯಕ್ತಿಯ ಬಗ್ಗೆ ತೀರ್ಮಾನ ಮಾಡದಿದ್ದರೆ ಮತ್ತು ನಿಗದಿತ ಮಾನದಂಡ ಪಾಲಿಸಿದರೆ ಸಂಶೋಧನೆಗೆ, ಅಂಕಿಅಂಶಕ್ಕೆ ಅದು ವಿನಾಯಿತಿ ಕೊಟ್ಟಿದೆ.

ಒಂದು ತಂಡ ಹಟ್ಟಿಗೆ ಬಂದಾಗ ಏನೇನು ತೆಗೆದುಕೊಂಡು ಹೋಗುತ್ತದೆ ಅಂತ ಸ್ವಲ್ಪ ಹತ್ತಿರದಿಂದ ನೋಡಿ. ಕುತ್ತಿಗೆಯ ನರದಿಂದ ರಕ್ತ ತೆಗೆದು ನೇರಳೆ ಮುಚ್ಚಳದ ಟ್ಯೂಬಿಗೆ ತುಂಬುತ್ತಾರೆ. ರಕ್ತ ಹೆಪ್ಪುಗಟ್ಟದ ಹಾಗೆ ಅದರೊಳಗೆ ಮದ್ದು ಇರುತ್ತದೆ. ಟ್ಯೂಬು ಐಸಿನ ಡಬ್ಬಕ್ಕೆ ಹೋಗುತ್ತದೆ. ಟೇಪು ಹಿಡಿದು ಎತ್ತರ, ಎದೆಯ ಸುತ್ತಳತೆ, ಕೊಂಬು, ಕಿವಿ ಅಳೆಯುತ್ತಾರೆ. ಮೊಬೈಲಿನಲ್ಲಿ ಫೋಟೋ, ಜೊತೆಗೆ ಜಿಪಿಎಸ್ ಗುರುತು. ದನದ ಕಿವಿಯ ಹಳದಿ ಟ್ಯಾಗಿನ 12 ಅಂಕೆಯನ್ನೂ ಬರೆದುಕೊಂಡರೆ ಅದು ಯಾರ ಮನೆಯ ದನ ಅನ್ನುವುದೂ ಗೊತ್ತಾಗುತ್ತದೆ. ಕೊನೆಗೆ ಫೋನ್ ನಂಬರ್. ಇಷ್ಟನ್ನೂ ಒಟ್ಟಿಗೆ ಇಟ್ಟರೆ ಅದು ಬರೀ ದನದ ಮಾಹಿತಿ ಅಂತ ಹೇಳಲು ಸಾಧ್ಯವಿಲ್ಲ.

ಬೇಡ ಅನ್ನುವುದು ಯಾಕೆ ಕಷ್ಟ

ದನ ಮಾಲೀಕರ ಸೊತ್ತು. ಹಾಗಾಗಿ ಬೇಡ ಅನ್ನುವ ಹಕ್ಕು ಅವರಿಗೆ ಇದ್ದೇ ಇದೆ. ಸಾಂಕ್ರಾಮಿಕ ರೋಗದ ತಪಾಸಣೆಗೆ ಬಂದ ಸರ್ಕಾರಿ ಪಶುವೈದ್ಯರ ವಿಷಯ ಮಾತ್ರ ಬೇರೆ. 2009ರ ಜಾನುವಾರು ರೋಗ ನಿಯಂತ್ರಣ ಕಾಯ್ದೆ ಅವರಿಗೆ ಹೆಚ್ಚಿನ ಅಧಿಕಾರ ಕೊಟ್ಟಿದೆ.

ತೊಡಕು ಇರುವುದು ಇಲ್ಲಿಯೇ. ರೋಗ ನೋಡಲು ಬರುವವರು, ಲಸಿಕೆ ಹಾಕುವವರು, ಜಾನುವಾರು ಗಣತಿಗೆ ಬರುವವರು, ಸಂಶೋಧನೆಗೆ ಬರುವವರು ಇವರೆಲ್ಲ ಹಟ್ಟಿಯ ಬಾಗಿಲಲ್ಲಿ ನಿಂತಾಗ ಒಂದೇ ಥರ ಕಾಣುತ್ತಾರೆ. ಹೊರಗಿನ ತಂಡವನ್ನು ಕರೆದುಕೊಂಡು ಬರುವವರು ಸಾಮಾನ್ಯವಾಗಿ ಊರಿನ ದನದ ಡಾಕ್ಟ್ರೇ. ಅವರಿಗೆ ಬೇಡ ಅನ್ನುವುದು ಹೇಗೆ? ನಾಳೆ ಕರು ಅಡ್ಡ ಸಿಕ್ಕಿಕೊಂಡರೆ ಮಧ್ಯರಾತ್ರಿ ಅವರನ್ನೇ ಕರೆಯಬೇಕು. ಸಬ್ಸಿಡಿಯ ಅರ್ಜಿಗೆ ಅವರದ್ದೇ ಸಹಿ ಬೇಕು. ಇಂಥ ಕಡೆ ಬಾಯಿಯಲ್ಲಿ "ಆಯ್ತು" ಅಂತ ಬಂದದ್ದನ್ನು ಒಪ್ಪಿಗೆ ಅಂತ ಬರೆದುಕೊಳ್ಳುವುದು ಸರಿಯಲ್ಲ. ಒತ್ತಾಯ ಮಾಡಿದ್ದಾರೆ ಅಂತಲ್ಲ. ಚಿಕಿತ್ಸೆ ಮತ್ತು ಸಂಶೋಧನೆ ಬೇರೆ ಬೇರೆ ಅಂತ ಯಾರೂ ಬಿಡಿಸಿ ಹೇಳಿರುವುದಿಲ್ಲ, ಅಷ್ಟೇ.

ಇನ್ನೊಂದು ಮಾತೂ ಇದೆ. ಹಲವು ಮನೆಗಳಲ್ಲಿ ಹುಲ್ಲು ತರುವುದು, ಹಾಲು ಕರೆಯುವುದು, ಸೆಗಣಿ ಬಾಚುವುದು ಹೆಂಗಸರು. ಸಹಿ ಹಾಕುವುದು ಮಾತ್ರ ಮನೆಯ ಗಂಡಸು. ಯಾವ ದನಕ್ಕೆ ಯಾವಾಗ ಹುಷಾರಿಲ್ಲ, ಯಾವುದು ಗಬ್ಬ ನಿಂತಿದೆ, ಯಾವುದು ಸೂಜಿ ಕಂಡರೆ ಬೆದರುತ್ತದೆ ಅಂತ ಗೊತ್ತಿರುವವರನ್ನು ಬಿಟ್ಟು ಪಡೆದ ಒಪ್ಪಿಗೆಯಿಂದ ದನಕ್ಕೂ ತೊಂದರೆ, ಸಂಶೋಧನೆಗೂ ನಷ್ಟ.

ಪಡ್ರೆ ಕಲಿಸಿದ್ದು

ಇದೆಲ್ಲ ಸುಮ್ನೆ ಕಾಗದದ ಮೇಲಿನ ಚರ್ಚೆ ಅಂತ ಬೇರೆ ಊರಿನವರಿಗೆ ಅನ್ನಿಸಬಹುದು. ಕಾಸರಗೋಡಿನವರಿಗೆ ಹಾಗೆ ಅನ್ನಿಸಲು ಕಾರಣವೇ ಇಲ್ಲ. ಸಂಶೋಧನೆ ಯಾರ ದುಡ್ಡಿನಲ್ಲಿ, ಯಾರ ಮಾತು ಕೇಳಿ, ಯಾವ ಹೊತ್ತಿನಲ್ಲಿ ನಡೆಯುತ್ತದೆ ಅನ್ನುವುದರ ಮೇಲೆ ಸಾವಿರಾರು ಜನರ ಬದುಕು ನಿಂತದ್ದನ್ನು ಈ ಜಿಲ್ಲೆ ನೋಡಿದೆ.

ಪ್ಲಾಂಟೇಶನ್ ಕಾರ್ಪೊರೇಶನ್ ಆಫ್ ಕೇರಳದ ಗೇರು ತೋಟಗಳಿಗೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ಟೀ ಸೊಳ್ಳೆ ಅನ್ನುವ ಕೀಟದ ಕಾಟ ತಡೆಯಲು. ಎಣ್ಮಕಜೆ (ಪಡ್ರೆ ಗ್ರಾಮ ಇರುವುದು ಇಲ್ಲಿ), ಬದಿಯಡ್ಕ, ಕುಂಬಡಾಜೆ, ಬೆಳ್ಳೂರು, ಕಾರಡ್ಕ, ಮುಳಿಯಾರು ಸೇರಿ ಹಲವು ಪಂಚಾಯತ್‌ಗಳ ಮೇಲೆ ಅದರ ಪರಿಣಾಮ ಆಯಿತು. ಇಲ್ಲಿ ತೋಟ ಗುಡ್ಡದ ನೆತ್ತಿಯಲ್ಲಿ, ಮನೆ ಕೆಳಗಿನ ಇಳಿಜಾರಿನಲ್ಲಿ. ಗುಡ್ಡದೊಳಗಿನ ಸುರಂಗದ ನೀರೇ ಮನೆಗೆ ಬರುವುದು. ಮೇಲೆ ಬಿದ್ದದ್ದು ಕೆಳಗೆ ಬಾರದೆ ಇರುತ್ತದಾ?

ಮೊದಲ ಸೂಚನೆ ಸಿಕ್ಕಿದ್ದು ಹಟ್ಟಿಯಲ್ಲಿ. 1979ರ ಹೊತ್ತಿಗೆ ಕಾಲು ಸೊಟ್ಟಗಿನ ಕರುಗಳು ಹುಟ್ಟಿದ್ದನ್ನು ಊರಿನವರು ಗಮನಿಸಿದರು. ಕೃಷಿಕ ಪತ್ರಕರ್ತ ಶ್ರೀಪಡ್ರೆ ಅದರ ಬಗ್ಗೆ ಬರೆದರು. ಆಮೇಲೆ ವಾಣಿನಗರದ ವೈದ್ಯ ಡಾ. ವೈ.ಎಸ್. ಮೋಹನಕುಮಾರ್ ತಮ್ಮಲ್ಲಿಗೆ ಬರುವ ರೋಗಿಗಳಲ್ಲಿ ಕಾಣುತ್ತಿದ್ದ ವಿಚಿತ್ರ ಕಾಯಿಲೆಗಳ ಬಗ್ಗೆ ಮಾತಾಡತೊಡಗಿದರು. ಕರುಗಳ ವಿಷಯ ತಿಳಿದ ದಿನವೇ ದನ, ನೀರು, ಮೇವು ಮೂರನ್ನೂ ಒಟ್ಟಿಗೆ ಪರೀಕ್ಷಿಸಿ, ಮಾಹಿತಿಯನ್ನು ಜೋಪಾನವಾಗಿ ಇಟ್ಟಿದ್ದರೆ ಮುಂದಿನ 20 ವರ್ಷದ ವಾದಕ್ಕೆ ಒಂದು ಗಟ್ಟಿ ನೆಲ ಇರುತ್ತಿತ್ತು. ದನ ಸಾಕುವವರು ಕಂಡದ್ದನ್ನು ಪುರಾವೆ ಅಂತ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ದೊಡ್ಡ ಅಧ್ಯಯನಗಳು ಬಂದದ್ದು 2001ರ ಸುಮಾರಿಗೆ, ಅಂದರೆ ಸಿಂಪಡಣೆ ನಿಲ್ಲುವ ಹೊತ್ತಿಗೆ. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ನೀರು, ಮಣ್ಣು, ರಕ್ತ, ಹಾಲಿನ ಮಾದರಿಗಳಲ್ಲಿ ಎಂಡೋಸಲ್ಫಾನ್ ಅಂಶ ಇದೆ ಅಂತ ಹೇಳಿತು. ಅವರ ಪರೀಕ್ಷೆಯ ವಿಧಾನವೇ ಸರಿಯಿಲ್ಲ ಅಂತ ಕೀಟನಾಶಕ ಉದ್ಯಮ ವಾದಿಸಿತು. ಅದೇ ವರ್ಷ ಫ್ರೆಡ್ರಿಕ್ ಸಸ್ಯ ಸಂರಕ್ಷಣೆ ಮತ್ತು ವಿಷಶಾಸ್ತ್ರ ಸಂಸ್ಥೆಯ ವರದಿ ಬಂತು. ಜನರ ರಕ್ತದಲ್ಲಿ ಏನೂ ಇಲ್ಲ ಅಂತ ಅದು ಹೇಳಿತು. ಆ ಅಧ್ಯಯನ ಮಾಡಿಸಿದ್ದು ಸಿಂಪಡಿಸಿದ ಪ್ಲಾಂಟೇಶನ್ ಕಾರ್ಪೊರೇಶನ್. ವರದಿ ಸರಿಯೋ ತಪ್ಪೋ ಅನ್ನುವ ಮಾತಿಗೂ ಮುಂಚೆ ಜನರ ನಂಬಿಕೆ ಅಲ್ಲಿಗೇ ಹೋಯಿತು.

ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ವಿಷಯ ಕೈಗೆತ್ತಿಕೊಂಡ ಮೇಲೆ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಬಂತು. ಸಿಂಪಡಣೆ ಆಗದ ಮೀಂಜ ಪಂಚಾಯತ್‌ನ ಜೊತೆ ಪಡ್ರೆಯನ್ನು ಹೋಲಿಸಿ ನೋಡಿತು. ಪಡ್ರೆಯ 117 ಹುಡುಗರನ್ನೂ ಬೇರೆ ಕಡೆಯ 90 ಹುಡುಗರನ್ನೂ ಪರೀಕ್ಷಿಸಿದ ಅದರ ಪ್ರಬಂಧ 2003ರಲ್ಲಿ ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಸಿಂಪಡಣೆ ಆದ ಕಡೆಯ ಹುಡುಗರ ಲೈಂಗಿಕ ಬೆಳವಣಿಗೆ ತಡವಾಗಿರುವ ಬಗ್ಗೆ ಅದು ಎಚ್ಚರಿಸಿತು. ಅದೇ ವರ್ಷ ಕೇಂದ್ರದ ದುಬೆ ಸಮಿತಿ ಕಾಯಿಲೆಗೂ ಎಂಡೋಸಲ್ಫಾನಿಗೂ ಸಂಬಂಧ ಇಲ್ಲ ಅಂದಿತು. ಕೆಲವು ಕೃಷಿ ವಿಜ್ಞಾನಿಗಳು ಇವತ್ತಿಗೂ ಸಮೀಕ್ಷೆಗಳ ಲೆಕ್ಕಾಚಾರ ದುರ್ಬಲ ಅಂತ ವಾದಿಸುತ್ತಾರೆ. 2011ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ದೇಶಗಳು ಎಂಡೋಸಲ್ಫಾನನ್ನು ನಿಷೇಧದ ಪಟ್ಟಿಗೆ ಸೇರಿಸಿದವು. ಅದೇ ವರ್ಷದ ಮೇ 13ರಂದು ಸುಪ್ರೀಂ ಕೋರ್ಟ್ ದೇಶದಲ್ಲಿ ತಡೆ ಹಾಕಿತು. 2017ರ ಜನವರಿಯಲ್ಲಿ ಪ್ರತಿ ಸಂತ್ರಸ್ತರಿಗೆ 5 ಲಕ್ಷ ರೂಪಾಯಿ ಕೊಡಬೇಕು ಅಂತ ಅದು ಆದೇಶಿಸಿತು.

ಈ ಉದ್ದ ಕತೆಯಲ್ಲಿ ನಮ್ಮ ವಿಷಯಕ್ಕೆ ಬೇಕಾದ್ದು ಏನು? ಯಾರ ವರದಿ ಸರಿ ಅಂತ ಊರಿನವರು ತಾವೇ ಪರಿಶೀಲಿಸಲು ಒಂದು ದಾರಿಯೂ ಇರಲಿಲ್ಲ. ಮಾದರಿ ಹೋಯಿತು, ವರದಿ ಬಂತು. ನಡುವೆ ಆದದ್ದು ಅವರಿಗೆ ಕಾಣಲಿಲ್ಲ. ಆಹಾರ ಸುರಕ್ಷತಾ ಕಾಯ್ದೆಯನ್ನು ನೋಡಿ. ಅಂಗಡಿಯಿಂದ ಆಹಾರದ ಮಾದರಿ ತೆಗೆದರೆ ಅದನ್ನು ನಾಲ್ಕು ಭಾಗ ಮಾಡಬೇಕು. ಅಂಗಡಿಯವರು ಕೇಳಿದರೆ ಒಂದು ಭಾಗವನ್ನು ಬೇರೆ ಮಾನ್ಯ ಪ್ರಯೋಗಾಲಯಕ್ಕೂ ಕಳಿಸಬೇಕು. ಸಕ್ಕರೆ ಮಾರುವವರಿಗೆ ಇರುವ ಈ ರಕ್ಷಣೆ ಬಾವಿ, ದನ, ಮಗುವಿನ ರಕ್ತ ಕೊಟ್ಟವರಿಗೆ ಇರಲಿಲ್ಲ.

ಆ ಅಪನಂಬಿಕೆ ಮುಗಿದಿಲ್ಲ. ಗಡಿಯ ಮಿಂಚಿನಪದವಿನಲ್ಲಿ ಉಳಿದ ಎಂಡೋಸಲ್ಫಾನನ್ನು ಹೂತಿದ್ದಾರೆ ಅನ್ನುವ ದೂರು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೆ ಹೋಯಿತು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ತಂಡ ಬಂದು ಮಣ್ಣು, ನೀರಿನ ಮಾದರಿ ತೆಗೆಯಿತು. ಇಂಥ ಪರೀಕ್ಷೆಯ ಫಲಿತಾಂಶ ಏನೇ ಬರಲಿ, ಮೊದಲಿನ ಅನುಭವ ಇರುವ ಜನ ಅದನ್ನು ಸಂಶಯದಿಂದಲೇ ಓದುತ್ತಾರೆ. ಅದು ಜನರ ಹಟ ಅಲ್ಲ. ಮಾದರಿ ಕೊಟ್ಟವರನ್ನು ಹೊರಗಿಟ್ಟದ್ದರ ನೇರ ಫಲ.

ಗಿಡ್ಡ ದನ ಈಗ ಎಲ್ಲರಿಗೂ ಬೇಕು

ತಳಿಯ ಸಂಶೋಧನೆಯ ಹಿನ್ನೆಲೆ ಬೇರೆ. ಕೇರಳದಲ್ಲಿ 1961ರ ಕಾಯ್ದೆಯೊಂದು ನಾಟಿ ಹೋರಿಗಳನ್ನು ಸಾಕುವುದಕ್ಕೇ ಕಡಿವಾಣ ಹಾಕಿತು. ಲೈಸನ್ಸ್ ಇಲ್ಲದ ಹೋರಿಯ ಬೀಜ ಒಡೆಸಬೇಕಿತ್ತು. 1963ರಲ್ಲಿ ಮಾಟ್ಟುಪೆಟ್ಟಿಯಲ್ಲಿ ಸ್ವಿಸ್ ಸಹಾಯದ ಯೋಜನೆ ಶುರುವಾಗಿ ಮಿಶ್ರತಳಿ ಬಂತು. ಹಾಲು ಹೆಚ್ಚಾಯಿತು, ಅದನ್ನು ಅಲ್ಲಗಳೆಯುವ ಹಾಗಿಲ್ಲ. ಆದರೆ ದಿನಕ್ಕೆ ಒಂದೆರಡು ಲೀಟರ್ ಕೊಟ್ಟು, ಗುಡ್ಡೆಯಲ್ಲಿ ತಾನೇ ಮೇದು ಬದುಕುವ ದನ ವಿಜ್ಞಾನದ ಕಣ್ಣಿಗೆ ಕೆಲಸಕ್ಕೆ ಬಾರದ್ದಾಯಿತು.

ಅದನ್ನು ಉಳಿಸಿಕೊಂಡವರು ಯಾರು? ಪುಸ್ತಕದಲ್ಲಿ ಇದ್ದದ್ದಕ್ಕೆ ಕಿವಿಗೊಡದೆ ಹಟ್ಟಿಯಲ್ಲಿ ಎರಡು ದನ ಇಟ್ಟುಕೊಂಡವರು. ಗೊಬ್ಬರಕ್ಕೆ, ಮಕ್ಕಳ ಹಾಲಿಗೆ, ಮನೆಯಲ್ಲಿ ಒಂದು ದನ ಇರಲಿ ಅಂತ. ಆಗ ಅವರಿಗೆ ಯಾವ ಸಹಾಯವೂ ಸಿಗಲಿಲ್ಲ. ಕೋಟ್ಟಯಂ ಕಡೆಯ ವೆಚೂರು ದನದ್ದೂ ಇದೇ ಕತೆ. 1989ರಲ್ಲಿ ಮಣ್ಣುತ್ತಿ ಪಶುವೈದ್ಯ ಕಾಲೇಜಿನ ಪ್ರಾಧ್ಯಾಪಕಿ ಡಾ. ಶೋಶಮ್ಮ ಐಪ್ ಮತ್ತು ಅವರ ವಿದ್ಯಾರ್ಥಿಗಳು ಹುಡುಕಿ ತಂದು ಉಳಿಸಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಈಗ ಲೆಕ್ಕ ತಿರುಗಿದೆ. ಬಿಸಿಲು ತಡೆಯುವ, ಕಡಿಮೆ ಮೇವಿನಲ್ಲಿ ಬದುಕುವ, ಕಾಯಿಲೆ ಕಡಿಮೆ ಇರುವ ದನದ ಜೀನ್ ಹವಾಮಾನ ಬದಲಾವಣೆಯ ಕಾಲಕ್ಕೆ ಬೇಕು. ಬದಿಯಡ್ಕದಲ್ಲಿ ಸರ್ಕಾರಿ ಸಂರಕ್ಷಣಾ ಫಾರ್ಮ್ ಇದೆ. ಕಾಸರಗೋಡು ಗಿಡ್ಡಕ್ಕೆ ಪ್ರತ್ಯೇಕ ತಳಿಯ ಮಾನ್ಯತೆ ಬೇಕು ಅನ್ನುವ ಕೂಗು ಹಳೆಯದು. ಕರ್ನಾಲಿನ ರಾಷ್ಟ್ರೀಯ ಪಶು ತಳಿ ಸಂಪನ್ಮೂಲ ಸಂಸ್ಥೆ ವೆಚೂರನ್ನೂ ಮಲ್ನಾಡ್ ಗಿಡ್ಡವನ್ನೂ ನೋಂದಾಯಿಸಿದೆ. ಮಾನ್ಯತೆಗೆ ಅಳತೆ ಬೇಕು, ಸಂಖ್ಯೆ ಬೇಕು, ವಂಶವಾಹಿಯ ಪರೀಕ್ಷೆ ಬೇಕು. ಅಂದರೆ ರಕ್ತ ಬೇಕು. ಇದು ಒಳ್ಳೆಯ ಕೆಲಸ, ಆಗಬೇಕಾದ ಕೆಲಸ.

ಆದರೆ ನೋಂದಣಿ ಆದ ಮಾತ್ರಕ್ಕೆ ಸಾಕಿದವರಿಗೆ ಯಾವ ಹಕ್ಕೂ ಬರುವುದಿಲ್ಲ ಅಂತ ಎಷ್ಟು ಜನರಿಗೆ ಗೊತ್ತು? ಬೀಜ, ಬೆಳೆಯ ವಿಷಯದಲ್ಲಿ 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ಇದೆ. ತಾನು ಉಳಿಸಿದ ಭತ್ತದ ತಳಿಯನ್ನು ರೈತ ತನ್ನ ಹೆಸರಲ್ಲಿ ನೋಂದಾಯಿಸಬಹುದು. ದನಕ್ಕೆ ಅಂಥ ಕಾಯ್ದೆ ಇಲ್ಲ. ಪೇಟೆಂಟ್ ಕಾಯ್ದೆಯ 3(ಜೆ) ವಿಧಿ ಪ್ರಾಣಿಗೆ ಪೇಟೆಂಟ್ ಕೊಡಬಾರದು ಅನ್ನುತ್ತದೆ. ಅದರಿಂದ ಬೇರೆಯವರು ಭಾರತದಲ್ಲಿ ದನವನ್ನು ತಮ್ಮದಾಗಿಸಿಕೊಳ್ಳಲಾರರು. ಅಷ್ಟಕ್ಕೆ ಸಾಕಿದವರ ಪಾಲು ಗಟ್ಟಿ ಆಗುವುದಿಲ್ಲ.

ವೆಚೂರಿನ ಜೀನ್ ವಿದೇಶಕ್ಕೆ ಹೋಗಿದೆ, ಸ್ಕಾಟ್ಲೆಂಡಿನ ಸಂಸ್ಥೆ ಅದಕ್ಕೆ ಪೇಟೆಂಟ್ ಪಡೆದಿದೆ ಅನ್ನುವ ಆರೋಪ 1990ರ ದಶಕದ ಕೊನೆಯಲ್ಲಿ ದೊಡ್ಡ ಗದ್ದಲ ಮಾಡಿತ್ತು. ಅದು ಸಾಬೀತಾಗಲಿಲ್ಲ, ಸಂಸ್ಥೆಯೂ ನಿರಾಕರಿಸಿತು. ಆರೋಪದ ಬಿಸಿ ಮಾತ್ರ ತಳಿ ಉಳಿಸಲು ದುಡಿಯುತ್ತಿದ್ದವರಿಗೇ ತಟ್ಟಿತು. ಯಾವ ಮಾದರಿ ಎಲ್ಲಿಗೆ ಹೋಯಿತು ಅನ್ನುವ ತೆರೆದ ದಾಖಲೆ ಇಲ್ಲದಿದ್ದರೆ ಪ್ರಾಮಾಣಿಕ ವಿಜ್ಞಾನಿಯೂ ಸಂಶಯಕ್ಕೆ ಸಿಗುತ್ತಾರೆ.

ಇವತ್ತು ದನವನ್ನೋ ವೀರ್ಯವನ್ನೋ ಕದ್ದು ಸಾಗಿಸುವ ಅಗತ್ಯವೂ ಇಲ್ಲ. ರಕ್ತದಿಂದ ಓದಿದ ವಂಶವಾಹಿಯ ಮಾಹಿತಿಯನ್ನು ಸಾರ್ವಜನಿಕ ಕಂಪ್ಯೂಟರ್ ಭಂಡಾರಕ್ಕೆ ಹಾಕಿದರೆ ಜಗತ್ತಿನ ಯಾರು ಬೇಕಾದರೂ ಬಳಸಬಹುದು. ಈ ಡಿಜಿಟಲ್ ಮಾಹಿತಿಗೂ ಲಾಭ ಹಂಚಿಕೆ ಅನ್ವಯಿಸಬೇಕು ಅಂತ 2025ರ ನಿಯಮಾವಳಿ ಹೇಳುತ್ತದೆ. 2025ರ ಫೆಬ್ರವರಿಯಲ್ಲಿ ಶುರುವಾದ ಜಾಗತಿಕ ಕ್ಯಾಲಿ ನಿಧಿಯ ಉದ್ದೇಶವೂ ಇದೇ. ಅದರ ಕನಿಷ್ಠ ಅರ್ಧ ದುಡ್ಡು ಮೂಲನಿವಾಸಿಗಳಿಗೆ ಮತ್ತು ಸ್ಥಳೀಯ ಸಮುದಾಯಗಳಿಗೆ ಹೋಗಬೇಕು ಅಂತ ಇದೆ. ಆದರೆ ಭಂಡಾರದಲ್ಲಿ "ಕೇರಳ, ಭಾರತ" ಅಂತ ಮಾತ್ರ ಬರೆದಿದ್ದರೆ ಮುಂದೊಂದು ದಿನ ಎಣ್ಮಕಜೆಯವರೋ ಬೆಳ್ಳೂರಿನವರೋ ಇದು ನಮ್ಮದು ಅಂತ ಯಾವ ಆಧಾರದಲ್ಲಿ ಹೇಳುವುದು?

ವಿಜ್ಞಾನಿಗಳ ಕಷ್ಟವೂ ಇದೆ

ಪ್ರತಿ ಹಟ್ಟಿಗೂ ಒಪ್ಪಿಗೆ ಪತ್ರ ಅಂದರೆ ಕೆಲಸವೇ ಸಾಗುವುದಿಲ್ಲ ಅನ್ನುವುದು ಸಂಶೋಧಕರ ವಾದ. ಅದರಲ್ಲಿ ಹುರುಳಿದೆ. ಕಾಲುಬಾಯಿ ಜ್ವರವೋ ಚರ್ಮಗಂಟು ರೋಗವೋ ಹಬ್ಬುತ್ತಿರುವಾಗ ತಿಂಗಳುಗಟ್ಟಲೆ ಸಮಿತಿಗೆ ಕಾಯಲು ಆಗುವುದಿಲ್ಲ. ಸಹಿ ಅಂದ ಕೂಡಲೇ ಜನ ಹೆದರುತ್ತಾರೆ, ಜಾಗ ಬರೆಸಿಕೊಳ್ಳುತ್ತಾರೋ ಅಂತ ಅನುಮಾನ ಪಡುತ್ತಾರೆ. ಸಣ್ಣ ಕಾಲೇಜಿನ ಸಂಶೋಧನಾ ವಿದ್ಯಾರ್ಥಿಗೆ ಮತ್ತೆ ಊರಿಗೆ ಬಂದು ಫಲಿತಾಂಶ ಹೇಳಲು ಬಸ್ಸಿನ ದುಡ್ಡೂ ಯೋಜನೆಯಲ್ಲಿ ಇರುವುದಿಲ್ಲ. ಜೀವವೈವಿಧ್ಯ ಕಾಯ್ದೆ ಬಿಗಿಯಾದಷ್ಟೂ ಕಷ್ಟಪಡುವುದು ದೇಶದ ಒಳಗಿನ ಪ್ರಾಮಾಣಿಕ ಸಂಶೋಧಕರೇ ಅಂತ ಹಲವರು ಹೇಳುತ್ತ ಬಂದಿದ್ದಾರೆ.

ಇದಕ್ಕೆ ಸಹಿಯ ಕಾಗದವೇ ಉತ್ತರ ಆಗಬೇಕಾಗಿಲ್ಲ. ಊರಿನ ಮಟ್ಟದಲ್ಲಿ ಒಮ್ಮೆ ಸಭೆ ಕರೆದು ವಿವರಿಸಬಹುದು, ಹಟ್ಟಿಯಲ್ಲಿ ಬಾಯಿಮಾತಿನ ಒಪ್ಪಿಗೆ ಪಡೆದು ಸಾಕ್ಷಿಯ ಎದುರು ಬರೆದಿಡಬಹುದು. ಫಲಿತಾಂಶ ಹೇಳಲು ಬರುವ ಖರ್ಚನ್ನು ಯೋಜನೆಯ ಬಜೆಟ್ಟಿನಲ್ಲೇ ಸೇರಿಸಬೇಕು. ಅದು ಇಲ್ಲದ ಯೋಜನೆಗೆ ದುಡ್ಡು ಕೊಡುವ ಸಂಸ್ಥೆ ಮಂಜೂರಾತಿ ಕೊಡಬಾರದು. ದಕ್ಷಿಣ ಆಫ್ರಿಕಾದ ಸಾನ್ ಸಮುದಾಯದವರು 2017ರಲ್ಲಿ ತಮ್ಮದೇ ಸಂಶೋಧನಾ ಸಂಹಿತೆ ಬರೆದುಕೊಂಡರು. ನಮ್ಮಲ್ಲಿಗೆ ಬರುವ ಸಂಶೋಧಕರು ಗೌರವ, ಪ್ರಾಮಾಣಿಕತೆ, ನ್ಯಾಯ, ಕಾಳಜಿ ತೋರಬೇಕು ಅಂತ. ರಾಜಸ್ಥಾನದ ಒಂಟೆ ಸಾಕುವ ರೈಕಾ ಸಮುದಾಯದವರೂ 2009ರಲ್ಲಿ ತಮ್ಮ ತಳಿ, ತಿಳಿವಳಿಕೆ, ಗೋಮಾಳದ ಬಗ್ಗೆ ಇಂಥದ್ದೊಂದನ್ನು ಮಾಡಿಕೊಂಡಿದ್ದಾರೆ.

ಕೆಟ್ಟ ಫಲಿತಾಂಶ ಬಂದರೆ

ಫಲಿತಾಂಶ ಹೇಳಿಬಿಡಿ ಅನ್ನುವುದು ಸುಲಭ. ಆದರೆ ದನದ ರಕ್ತದಲ್ಲಿ ಬ್ರೂಸೆಲ್ಲೋಸಿಸ್ ಸಿಕ್ಕಿದರೆ? ಇದು ದನ ಕಂದು ಹಾಕುವಂತೆ, ಅಂದರೆ ಗರ್ಭಪಾತ ಆಗುವಂತೆ, ಮಾಡುವ ರೋಗ. ಕಾಯಿಸದ ಹಾಲಿನಿಂದ, ಕಸ (ಮಾಸು) ತೆಗೆಯುವ ಕೈಯಿಂದ ಮನುಷ್ಯರಿಗೂ ಬರುತ್ತದೆ, ತಿಂಗಳುಗಟ್ಟಲೆ ಜ್ವರ, ಕೀಲುನೋವು ಕಾಡುತ್ತದೆ. ಸುದ್ದಿ ಹಬ್ಬಿದರೆ ಹಾಲು ಸೊಸೈಟಿಯಲ್ಲಿ ಆ ಮನೆಯ ಹಾಲು ಬೇಡ ಅನ್ನಬಹುದು, ದನಕ್ಕೆ ಬೆಲೆ ಇರುವುದಿಲ್ಲ. ಹೇಳದಿದ್ದರೆ ಮನೆಯವರೇ ಕಾಯಿಲೆ ಬೀಳುತ್ತಾರೆ. 2009ರ ಕಾಯ್ದೆಯ ಪಟ್ಟಿಯಲ್ಲಿ ಇದೂ ಇರುವುದರಿಂದ ಇಲಾಖೆಗೆ ತಿಳಿಸದೆ ಇರಲೂ ಆಗುವುದಿಲ್ಲ.

ಹಾಗಾಗಿ ಈ ಪ್ರಶ್ನೆ ಸೂಜಿ ಚುಚ್ಚುವ ಮೊದಲೇ ಬಗೆಹರಿಯಬೇಕು. ಏನು ಸಿಕ್ಕಿದರೆ ಯಾರಿಗೆ ಹೇಳುತ್ತೇವೆ, ಪರಿಹಾರ ಏನು, ಮನೆಯವರ ಪರೀಕ್ಷೆ ಮಾಡಿಸುವುದು ಯಾರು ಅಂತ ಮೊದಲೇ ಹೇಳಿದ್ದರೆ ಮಾತ್ರ ಒಪ್ಪಿಗೆಗೆ ಅರ್ಥ. ಆಮೇಲೆ ನೋಡೋಣ ಅಂದರೆ ಮುಂದಿನ ತಂಡಕ್ಕೆ ಹಟ್ಟಿಯ ಬಾಗಿಲು ತೆರೆಯುವುದಿಲ್ಲ, ರೋಗ ಇರುವುದೂ ಗೊತ್ತಾಗುವುದಿಲ್ಲ. ಹಟ್ಟಿಯಿಂದ ಹಟ್ಟಿಗೆ ಹೋಗುವ ತಂಡದ ಬೂಟು, ಸೂಜಿ, ಕೈಗವಸು ಕೂಡ ರೋಗ ಹೊತ್ತೊಯ್ಯಬಲ್ಲವು. ಆ ಎಚ್ಚರಿಕೆಯೂ ಸಂಶೋಧನೆಯ ನೀತಿಯ ಭಾಗವೇ.

ಮೇವಿನ ಗುಡ್ಡೆ

ಪರಿಸರದ ಸಮೀಕ್ಷೆಗಳಿಗೂ ಇದೇ ಮಾತು ಅನ್ವಯ. ಕೆಂಪು ಮುರಕಲ್ಲಿನ ಪದವು (ಬಯಲು ಗುಡ್ಡೆ) ಬೇಸಗೆಯಲ್ಲಿ ಬರಿದಾಗಿ ಕಾಣುತ್ತದೆ. ಏಪ್ರಿಲಿನಲ್ಲಿ ಬಂದ ತಂಡ ಅದನ್ನು ಪಾಳು ಭೂಮಿ ಅಂತ ಬರೆಯಬಹುದು. ಜುಲೈಯಲ್ಲಿ ಬಂದರೆ ಅದೇ ಕಲ್ಲಿನ ಮೇಲೆ ಹುಲ್ಲು, ಬೇರೆಲ್ಲೂ ಇಲ್ಲದ ಪುಟ್ಟ ಗಿಡಗಳು, ಮೇಯುವ ದನ. ಪೈವಳಿಕೆ, ಅಂಬಲತ್ತರದಂಥ ಕಡೆ ಸೌರ ಪಾರ್ಕ್‌ಗಳು ಬಂದಿವೆ. ಸೌರ ವಿದ್ಯುತ್ ಬೇಕೇ ಬೇಕು. ಆದರೆ ಅಂಥ ಒಂದು ಗುಡ್ಡೆಯನ್ನು ಯಾವ ತಿಂಗಳಲ್ಲಿ ನೋಡಿದರು, ಅಲ್ಲಿ ದನ ಮೇಯಿಸುವವರನ್ನು ಕೇಳಿದರೋ ಇಲ್ಲವೋ ಅನ್ನುವುದರ ಮೇಲೆ ಆ ಜಾಗದ ಹಣೆಬರಹ ನಿರ್ಧಾರ ಆಗುತ್ತದೆ. ಗುಡ್ಡೆಯ ಮೇವು ಹೋದರೆ ಗಿಡ್ಡ ದನ ಸಾಕುವ ಲಾಭವೂ ಹೋಯಿತು. ಕೊಂಡು ತಂದ ಹಿಂಡಿ ಹಾಕಿ ಒಂದೂವರೆ ಲೀಟರ್ ಹಾಲಿನ ದನ ಸಾಕಲು ಯಾರಿಂದ ಸಾಧ್ಯ? ಆಮೇಲೆ ತಳಿ ಉಳಿಯುವುದು ಫಾರ್ಮಿನಲ್ಲಿ ಮತ್ತು ಶೀತಲ ಡಬ್ಬದ ವೀರ್ಯದಲ್ಲಿ ಮಾತ್ರ.

ಕನ್ನಡದಲ್ಲಿ ಕೇಳಿ, ಲಿಖಿತವಾಗಿ ಪಡೆಯಿರಿ

ಹೊಸ ಕಾಯ್ದೆ ಬರುವವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆ ಭಾಷಾ ಅಲ್ಪಸಂಖ್ಯಾತ ಪ್ರದೇಶದ ಕನ್ನಡಿಗರಿಗೆ ಸರ್ಕಾರಿ ಕಚೇರಿಗಳ ಜೊತೆ ಕನ್ನಡದಲ್ಲೇ ವ್ಯವಹರಿಸುವ, ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕು ಕೊಟ್ಟಿದೆ. ಮಲಯಾಳದ ಅಥವಾ ಇಂಗ್ಲಿಷಿನ ಕಾಗದ ಮುಂದಿಟ್ಟು ಹೆಬ್ಬೆಟ್ಟೊತ್ತಿ ಅಂದರೆ, ಸರ್ಕಾರಿ ಸಂಸ್ಥೆಯಾದರೆ ಕನ್ನಡದ ಪ್ರತಿ ಕೇಳಬಹುದು. ತುಳು, ಮರಾಠಿ, ಹವ್ಯಕ ಮಾತಾಡುವ ಮನೆಯಲ್ಲಿ ಬಾಯಿಮಾತಿನ ವಿವರಣೆ ಆ ಮಾತಿನಲ್ಲೇ ಇದ್ದರೆ ಇನ್ನೂ ಒಳ್ಳೆಯದು.

ಪಂಚಾಯತ್‌ನ ಜೀವವೈವಿಧ್ಯ ಸಮಿತಿ ಒಂದು ಪುಟದ ನಿರ್ಣಯ ಮಾಡಿದರೂ ತುಂಬ ಕೆಲಸ ಆಗುತ್ತದೆ. ನಮ್ಮ ಪಂಚಾಯತ್‌ನಲ್ಲಿ ದನ, ನೀರು, ಮಣ್ಣಿನ ಮಾದರಿ ತೆಗೆಯುವವರು ಯಾರು, ದುಡ್ಡು ಯಾರದ್ದು, ಮಾದರಿ ಎಲ್ಲಿ ಇರುತ್ತದೆ, ವರದಿ ಯಾವಾಗ ಕೊಡುತ್ತೀರಿ ಅಂತ ತಿಳಿಸಿ ಅನ್ನುವ ಕೋರಿಕೆ. ಅದನ್ನು ಪಾಲಿಸಲೇಬೇಕು ಅಂತ ಕಾಯ್ದೆಯ ಬಲ ಇಲ್ಲ. ಆದರೆ ಸಂಸ್ಥೆಗಳ ನೈತಿಕ ಸಮಿತಿಗಳಿಗೆ ಅದರ ಪ್ರತಿ ಕಳಿಸಿದರೆ, ಗೊತ್ತಿರಲಿಲ್ಲ ಅಂತ ಆಮೇಲೆ ಹೇಳುವ ಹಾಗಿಲ್ಲ. ಊರಿನ ಜೀವವೈವಿಧ್ಯದ ಬಗ್ಗೆ ಈ ಸಮಿತಿ ಇಟ್ಟುಕೊಳ್ಳುವ ಜನತಾ ಜೀವವೈವಿಧ್ಯ ದಾಖಲೆಯಲ್ಲಿ ಗಿಡ್ಡ ದನ ಸಾಕುವ ಮನೆಗಳ ತಿಳಿವಳಿಕೆಯನ್ನು ಅವರ ಒಪ್ಪಿಗೆ ಪಡೆದು ಬರೆದಿಡುವುದೂ ಮುಂದೆ ಪಾಲು ಕೇಳುವಾಗ ಆಧಾರ ಆಗುತ್ತದೆ.

ಈಗಾಗಲೇ ಮಾದರಿ ಕೊಟ್ಟು ವರದಿ ಸಿಗದವರಿಗೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಸರ್ಕಾರಿ ವಿಶ್ವವಿದ್ಯಾಲಯ, ಪಶುಸಂಗೋಪನಾ ಇಲಾಖೆ, ಕೇಂದ್ರದ ಸಂಶೋಧನಾ ಸಂಸ್ಥೆ ಎಲ್ಲವೂ ಅದರ ವ್ಯಾಪ್ತಿಗೆ ಬರುತ್ತವೆ. 10 ರೂಪಾಯಿ ಶುಲ್ಕ, 30 ದಿನದೊಳಗೆ ಉತ್ತರ. ತೆಗೆದ ತಿಂಗಳು, ಊರು, ದನದ ಟ್ಯಾಗ್ ಸಂಖ್ಯೆ ಬರೆದು, ನನ್ನ ದನದ ಮಾದರಿಯ ಪರೀಕ್ಷಾ ಫಲಿತಾಂಶ ಮತ್ತು ಆ ಯೋಜನೆಗೆ ನೈತಿಕ ಸಮಿತಿ ಕೊಟ್ಟ ಅನುಮತಿಯ ಪ್ರತಿ ಬೇಕು ಅಂತ ಕೇಳಬೇಕು. ಖಾಸಗಿ ಕಂಪನಿಗೆ ಈ ಕಾಯ್ದೆ ನೇರವಾಗಿ ಮುಟ್ಟುವುದಿಲ್ಲ. ಅಂಥವರು ಬಂದಾಗ ರಕ್ತ ಕೊಡುವ ಮುಂಚೆಯೇ ಲಿಖಿತ ಮಾತು ಪಡೆದುಕೊಳ್ಳಬೇಕು, ಕೊಡದಿದ್ದರೆ ದನ ಮುಟ್ಟಲು ಬಿಡಬಾರದು.